ಒಂದೇ ಈಡಿನ ಬೇಟೆ ಪಿಸ್ತೂಲುಗಳನ್ನು ಕೇಳುವವರೇ ಇಲ್ಲದಂತಾದದ್ದು ಏಕೆ?

ಕಾಫಿತೋಟ‑ಓಹಾಯೋ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ಹದಿನಾಲ್ಕು ವರ್ಷಗಳಿಂದ ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿದ್ದೇನೆ. ಊರಿನ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ತೋಟಾಕೋವಿಯೊಂದಿತ್ತು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅದರ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮುಗಿಸಿದ ಮೇಲೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೂ ಅದನ್ನೇ ಹೊತ್ತೊಯ್ಯುತ್ತಿದ್ದೆವು. ಆದ್ದರಿಂದ ಒಂದು ತೋಟಾ ತುಂಬಿ, ಒಂದು ಈಡು ಹಾರಿಸಿ, ತಪ್ಪಿದರೆ ತಲೆ ಕೆರೆದುಕೊಳ್ಳುತ್ತ ಮತ್ತೆ ತುಂಬುವುದು ನನಗೆ ಹೊಸದೇನಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಹಿರಿಯರೊಬ್ಬರು ಕಳೆದ ವರ್ಷ ತೀರಿಕೊಂಡರು. ಅವರ ಪತ್ನಿ ಮೊನ್ನೆ ನನ್ನನ್ನು ಕರೆದು, ಪತಿಯ ಪಿಸ್ತೂಲೊಂದನ್ನು ಕೊಳ್ಳುವ ಮನಸ್ಸಿದೆಯೇ ಎಂದು ಕೇಳಿದರು. ಅದು ಥಾಂಪ್ಸನ್ ಸೆಂಟರ್ ಕಂಪನಿಯ ಹಳೆಯ ಮಾದರಿಯ ಕಂಟೆಂಡರ್, ಒಂದು ಬಾರಿಗೆ ಒಂದೇ ತೋಟಾ ತುಂಬುವ ಪಿಸ್ತೂಲು. ಅದರ ಜೊತೆಗೆ ಮೂರು ನಳಿಗೆಗಳಿವೆ: .22 ಲಾಂಗ್ ರೈಫಲ್ ತೋಟಾದ್ದು 10 ಅಂಗುಲದ್ದು, 7 ಎಂಎಂ ಟಿಸಿಯು ಎಂಬ ತೋಟಾದ್ದು ಕೂಡ 10 ಅಂಗುಲದ್ದು, ಹಾಗೂ .44 ಮ್ಯಾಗ್ನಮ್‌ನದು 14 ಅಂಗುಲದ್ದು. ಕೊನೆಯದರ ಮೇಲೆ ಹಳೆಯ ದೂರದರ್ಶಕವೊಂದಿದೆ, ಉಳಿದೆರಡಕ್ಕೆ ಬರಿಯ ಕಬ್ಬಿಣದ ಗುರಿಕಣ್ಣುಗಳಿವೆ. ಮರದ ಹಿಡಿ ಕೈ ಸವೆತದಿಂದ ಗೋಡಂಬಿಯ ಹಾಗೆ ನುಣುಪಾಗಿದೆ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಹಳದಿಗಟ್ಟಿದ ಅಂಟುಪಟ್ಟಿಯೊಂದಿದ್ದು, ಅದರ ಮೇಲೆ ಪೆನ್ಸಿಲ್‌ನಿಂದ ಸಿ, ಪಿ, ಟಿ, ಆರ್ ಎಂಬ ನಾಲ್ಕು ಅಕ್ಷರಗಳನ್ನೂ, ಒಂದೊಂದರ ಮುಂದೆ ಒಂದೊಂದು ಸಂಖ್ಯೆಯನ್ನೂ ಬರೆದಿದ್ದಾರೆ. ಇದರ ಅರ್ಥ ಅವರ ಪತ್ನಿಗೂ ತಿಳಿಯದು.

ಬೆಲೆ ಕೇಳಿ ತಿಳಿಯೋಣವೆಂದು ಪಟ್ಟಣದ ಅಂಗಡಿಯೊಂದಕ್ಕೆ ಹೋದೆ. ಅಲ್ಲಿನ ಹುಡುಗ ಅದನ್ನು ತೆರೆಯುವ ಬಗೆಯೇ ತಿಳಿಯದೆ ಎರಡು ನಿಮಿಷ ತಿಣುಕಾಡಿ, ಇಂಥದ್ದನ್ನು ಈಗ ಯಾರೂ ಕೇಳುವುದಿಲ್ಲ, ಬೇಕಾದರೆ ಮಾರಾಟವಾದ ಮೇಲೆ ಹಣ ಪಡೆಯುವ ಕರಾರಿನಲ್ಲಿ ಇಟ್ಟುಹೋಗಿ ಎಂದ. ನಾನು ಹೋಗುವ ಗುಂಡುಮೈದಾನದಲ್ಲಿಯೂ ಇಂಥ ಪಿಸ್ತೂಲು ಹಿಡಿದವರನ್ನು ನಾಲ್ಕು ವರ್ಷಗಳಲ್ಲಿ ಒಬ್ಬರನ್ನಷ್ಟೇ ಕಂಡಿದ್ದೇನೆ, ಅವರಿಗೂ ಎಪ್ಪತ್ತು ದಾಟಿದೆ. ಆದರೆ ಹಳೆಯ ಪತ್ರಿಕೆಗಳನ್ನು ತಿರುವಿದರೆ 1980ರ ದಶಕದಲ್ಲಿ ಸಂಚಿಕೆ ಸಂಚಿಕೆಗೂ ಇದರದೇ ಮಾತು. ಅಷ್ಟು ಮೆಚ್ಚುಗೆ ಪಡೆದ ವಸ್ತುವೊಂದು ಹೀಗೆ ಮೂಲೆ ಸೇರಲು ಕಾರಣವೇನು? ಅದರಲ್ಲಿ ದೋಷವಿತ್ತೇ, ಅಥವಾ ಹಿಡಿಯುವವರೇ ಬದಲಾದರೇ? ನಾನು ಇದನ್ನು ಕೊಂಡರೆ ಜಿಂಕೆ ಬೇಟೆಗೆ ಬಳಸುವ ಉದ್ದೇಶವಿದೆ, ಪ್ರದರ್ಶನಕ್ಕಲ್ಲ.

ಉಕ್ಕಿನ ಟಗರು:

ಕಾಫಿತೋಟದವರೇ, ಮೊದಲು ನಿಮ್ಮ ಅಂಟುಪಟ್ಟಿಯ ಒಗಟನ್ನು ಬಿಡಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಆ ಅಕ್ಷರಗಳು ಚಿಕನ್, ಪಿಗ್, ಟರ್ಕಿ ಮತ್ತು ರ‍್ಯಾಮ್, ಅಂದರೆ ಕೋಳಿ, ಹಂದಿ, ಟರ್ಕಿ ಕೋಳಿ ಮತ್ತು ಟಗರು. ಇವು ಕಾಡಿನ ಪ್ರಾಣಿಗಳಲ್ಲ, ದಪ್ಪ ಉಕ್ಕಿನ ಹಾಳೆಯಲ್ಲಿ ಕತ್ತರಿಸಿದ ಆಕೃತಿಗಳು. ಕೋಳಿ 50 ಮೀಟರ್, ಹಂದಿ 100, ಟರ್ಕಿ 150, ಟಗರು 200 ಮೀಟರ್ ದೂರದಲ್ಲಿ ನಿಲ್ಲುತ್ತವೆ. ನಿಮ್ಮ ನೆರೆಯವರು ಒಂದೊಂದು ದೂರಕ್ಕೆ ಹಿಂಗುರಿಯ ತಿರುಪನ್ನು ಎಷ್ಟು ಕ್ಲಿಕ್ ತಿರುಗಿಸಬೇಕೆಂಬುದನ್ನು ಬರೆದಿಟ್ಟಿದ್ದಾರೆ. 7 ಎಂಎಂ ಟಿಸಿಯು ನಳಿಗೆ 10 ಅಂಗುಲದ್ದು, ಅದೂ ದೂರದರ್ಶಕವಿಲ್ಲದ್ದು ಎಂದ ಮೇಲೆ ಅವರು ಬೇಟೆಗಾರರಿಗಿಂತ ಮೊದಲು ಸಿಲೂಯೆಟ್ ಎಂಬ, ಈ ಉಕ್ಕಿನ ಆಕೃತಿಗಳನ್ನು ಉರುಳಿಸುವ ಆಟದ ಆಟಗಾರರಾಗಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಾರ್ಖಾನೆಯಿಂದ ಬಂದಂತೆಯೇ ಬಳಸಬೇಕಾದ ಪಿಸ್ತೂಲುಗಳ ವರ್ಗಕ್ಕೆ ಒಪ್ಪುತ್ತಿದ್ದ ಜೋಡಿ ಅದು.

ಈ ಆಟ ಮೆಕ್ಸಿಕೋದಿಂದ ಬಂದದ್ದು. ಅಲ್ಲಿ ರೈಫಲ್‌ಗಳಿಂದ ಆಡುತ್ತಿದ್ದುದನ್ನು 1970ರ ದಶಕದ ನಡುವೆ ಅರಿಜೋನಾದವರು ಕೈಕೋವಿಗೆ ಇಳಿಸಿದರು. 1976ರಲ್ಲಿ ಐಎಚ್‌ಎಂಎಸ್‌ಎ ಎಂಬ ಅಂತರರಾಷ್ಟ್ರೀಯ ಸಂಘ ಹುಟ್ಟಿತು, ಎಲ್ಜಿನ್ ಗೇಟ್ಸ್ ಅದನ್ನು ಮುನ್ನಡೆಸಿದರು. ನಾನು 1986ರಲ್ಲಿ ಓದಲೆಂದು ಟೂಸಾನ್‌ಗೆ ಬಂದಾಗ ಆಟ ಏರುಹೊತ್ತಿನಲ್ಲಿತ್ತು. ನಮ್ಮ ಪ್ರಯೋಗಾಲಯದ ತಂತ್ರಜ್ಞರೊಬ್ಬರು ಒಂದು ಭಾನುವಾರ ಕರೆದೊಯ್ದರು. ಬೆಳಗಿನ ಆರು ಗಂಟೆಗೇ ಐವತ್ತು ಅರವತ್ತು ಜನ ಸೇರಿದ್ದರು, ಆ ದಿನ ನಾನು ನೋಡಿದ ಪಿಸ್ತೂಲುಗಳಲ್ಲಿ ಮುಕ್ಕಾಲು ಪಾಲು ಕಂಟೆಂಡರ್‌ಗಳೇ ಆಗಿದ್ದವು.

ಆಡುವ ಭಂಗಿಯನ್ನು ಕಾಣದವರಿಗೆ ವಿವರಿಸಿದರೆ ನಗು ಬರುತ್ತದೆ. ಬೆನ್ನ ಮೇಲೆ ಮಲಗಿ, ಒಂದು ಮೊಣಕಾಲನ್ನು ಮಡಿಸಿ, ಪಿಸ್ತೂಲಿನ ನಳಿಗೆಯನ್ನು ಕಾಲಿನ ಹೊರಬದಿಗೆ ಆನಿಸಿ, ಇನ್ನೊಂದು ಕೈಯನ್ನು ತಲೆಯ ಹಿಂದೆ ದಿಂಬಿನಂತೆ ಇಟ್ಟುಕೊಂಡು ಗುರಿ ಹಿಡಿಯುವುದು. ಇದನ್ನು ಕ್ರೀಡ್‌ಮೋರ್ ಭಂಗಿ ಎನ್ನುತ್ತಾರೆ. ನಳಿಗೆಯ ಬಾಯಿಂದ ಹೊರಡುವ ಬಿಸಿಗಾಳಿ ಪ್ಯಾಂಟನ್ನು ಸುಡದಿರಲೆಂದು ಮೀನಖಂಡಕ್ಕೆ ದಪ್ಪ ತೊಗಲಿನ ತುಂಡೊಂದನ್ನು ಕಟ್ಟಿಕೊಳ್ಳುತ್ತಿದ್ದೆವು. ಐದು ಆಕೃತಿಗಳಿಗೆ ಎರಡು ನಿಮಿಷ. ಗುಂಡು ತಾಗಿ ಟಣ್ಣೆಂದರೆ ಸಾಲದು, ಆಕೃತಿ ಪೀಠದಿಂದ ಉರುಳಬೇಕು. ಟಗರಿನ ಬೆನ್ನಿನ ಮೇಲ್ಭಾಗಕ್ಕೆ ಸರಿಯಾಗಿ ಬಡಿದರೆ ಉರುಳುತ್ತದೆ, ಕಾಲಿಗೆ ಬಡಿದರೆ ತುಸು ಅಲುಗಿ ನಮ್ಮನ್ನೇ ನೋಡುತ್ತ ನಿಂತುಬಿಡುತ್ತದೆ. 200 ಮೀಟರಿನಿಂದ ಆ ಸದ್ದು ನಮ್ಮನ್ನು ತಲುಪಲು ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುವುದರಿಂದ, ಸದ್ದು ಕೇಳುವ ಮೊದಲೇ ಅದು ಬೀಳುವುದು ಕಣ್ಣಿಗೆ ಕಾಣುತ್ತಿತ್ತು. ಆ ಅರ್ಧ ಸೆಕೆಂಡಿಗಾಗಿಯೇ ನಾನು ಹನ್ನೆರಡು ವರ್ಷ ಭಾನುವಾರಗಳನ್ನು ಕಳೆದೆ ಎಂದರೆ ನನ್ನ ಹೆಂಡತಿ ಇಂದಿಗೂ ಒಪ್ಪುವುದಿಲ್ಲ.

ಟಗರನ್ನು ಉರುಳಿಸುವ ಈ ಹಟವೇ ತೋಟಾಗಳನ್ನೂ ಹುಟ್ಟಿಸಿತು. .223 ರೆಮಿಂಗ್ಟನ್ ತೋಟಾದ ಕತ್ತನ್ನು 7 ಮಿಲಿಮೀಟರಿಗೆ ಅಗಲಿಸಿದರೆ ಸಿಗುವುದೇ ನಿಮ್ಮ 7 ಎಂಎಂ ಟಿಸಿಯು, ಆ ಹೆಸರಿನ ಕೊನೆಯಲ್ಲಿರುವ ಯು ಅಕ್ಷರ ಅದನ್ನು ರೂಪಿಸಿದ ವೆಸ್ ಯುಗಾಲ್ಡೆಯವರದು. ಸೇನೆ ಬಳಸಿ ಬಿಟ್ಟ ಖಾಲಿ ತೋಟಾಗಳು ಅಗ್ಗವಾಗಿ ಸಿಗುತ್ತಿದ್ದುದರಿಂದ ವಿದ್ಯಾರ್ಥಿಯ ಜೇಬಿಗೂ ಅದು ಎಟುಕುತ್ತಿತ್ತು.

ಆಟ ಸೊರಗಿದ್ದು ಹೇಗೆಂದರೆ, 200 ಮೀಟರ್ ಮೈದಾನ, ಅದರ ಹಿಂದೆ ದೊಡ್ಡ ಮಣ್ಣದಿಬ್ಬ, ಭಾರವಾದ ಉಕ್ಕನ್ನು ಸುತ್ತು ಸುತ್ತಿಗೂ ನಡೆದುಹೋಗಿ ಎತ್ತಿ ನಿಲ್ಲಿಸುವ ತೋಳುಗಳು, ಇವೆಲ್ಲ ಬೇಕು. ಊರುಗಳು ಬೆಳೆದು ಮೈದಾನಗಳ ಅಂಚಿಗೆ ಮನೆಗಳು ಬಂದವು, ಎತ್ತಿ ನಿಲ್ಲಿಸುತ್ತಿದ್ದವರ ಸೊಂಟಗಳೂ ಸೋತವು. ನಾವು ಅನೇಕರು 100 ಮೀಟರಿನೊಳಗೆ ಮುಗಿಯುವ .22ರ ಚಿಕ್ಕ ಆಕೃತಿಗಳ ಆಟಕ್ಕೆ ಇಳಿದೆವು. ದೊಡ್ಡ ಆಟವಿದ್ದಾಗ ಪಿಸ್ತೂಲು ಕೊಳ್ಳಲು ನೆಪವೊಂದಿತ್ತು, ಬೇಟೆಗೆ ಅದನ್ನು ಒಯ್ಯುವುದು ಆ ನೆಪದ ಬಡ್ಡಿ. ಅಸಲೇ ಹೋದ ಮೇಲೆ ಬಡ್ಡಿಯನ್ನು ಯಾರು ಕೊಡುತ್ತಾರೆ? ನನ್ನ ಮಟ್ಟಿಗೆ ಕುಸಿತದ ಮೊದಲ ಕಾರಣ ಇದು, ಮಿಕ್ಕವೆಲ್ಲ ಆಮೇಲಿನವು.

ಸಾದಾಸೀದಾ:

ಟಗರು ಅವರ ಬರಹವನ್ನು ಸಂತೋಷದಿಂದ ಓದಿದೆ, ಆದರೆ ಅವರ ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಆಟ ಸೊರಗಿದ ಮೇಲೂ ಕಂಪನಿ 1998ರಲ್ಲಿ ಎನ್‌ಕೋರ್ ಎಂಬ ಇನ್ನೂ ಗಟ್ಟಿಯಾದ ಮಾದರಿಯನ್ನು ತಂದಿತು. .308 ವಿಂಚೆಸ್ಟರ್, .30‑06ರಂಥ ಪೂರ್ಣ ರೈಫಲ್ ತೋಟಾಗಳನ್ನು 15 ಅಂಗುಲದ ಪಿಸ್ತೂಲಿನಲ್ಲಿ ಹಾರಿಸಬಹುದೆಂಬುದೇ ಅದರ ಹೆಗ್ಗಳಿಕೆ, ಮತ್ತು ಅದು ಚೆನ್ನಾಗಿಯೇ ಮಾರಾಟವಾಯಿತು. ಅಂದರೆ ಆಟವಿಲ್ಲದೆಯೂ ಬೇಟೆಗಾರರು ಕೊಳ್ಳುತ್ತಿದ್ದರು. ಆಮೇಲೆ ಅವರೂ ಬಿಟ್ಟರೆಂದರೆ, ಈ ಪಿಸ್ತೂಲಿನಿಂದ ಮಾತ್ರ ಆಗುತ್ತಿದ್ದ ಕೆಲಸಗಳನ್ನು ಬೇರೆಯವು ಒಂದೊಂದಾಗಿ ಕಸಿದುಕೊಂಡದ್ದೇ ಕಾರಣ. ಕೂಡುಕುಟುಂಬ ಪಾಲಾದಾಗ ಯಾರೂ ಸಾಯುವುದಿಲ್ಲ, ಆದರೆ ದೊಡ್ಡ ಮನೆ ಮಾತ್ರ ಖಾಲಿಯಾಗುತ್ತದೆ. ಇಲ್ಲಿ ನಡೆದದ್ದೂ ಅಂಥ ಪಾಲುಪಟ್ಟಿಯೇ.

ನಿಮ್ಮ ಓಹಾಯೋವನ್ನೇ ತೆಗೆದುಕೊಳ್ಳಿ. ಸಮತಟ್ಟಾದ, ಜನವಸತಿ ಹೆಚ್ಚಿರುವ ನಾಡೆಂದು ಅಲ್ಲಿ ಜಿಂಕೆ ಬೇಟೆಗೆ ರೈಫಲ್ ಬಳಸುವುದನ್ನು ಬಹುಕಾಲ ನಿಷೇಧಿಸಲಾಗಿತ್ತು. ಷಾಟ್‌ಗನ್ನಿನ ಒಂಟಿ ಗುಂಡು, ಮದ್ದು ತುಂಬುವ ಕೋವಿ, ಇಲ್ಲವೇ ಕನಿಷ್ಠ 5 ಅಂಗುಲ ನಳಿಗೆಯ, .357 ಅಥವಾ ಅದಕ್ಕಿಂತ ದಪ್ಪನೆಯ, ನೇರಗೋಡೆಯ (ಅಂದರೆ ಕತ್ತು ಕಿರಿದಾಗದ) ತೋಟಾದ ಕೈಕೋವಿ, ಇಷ್ಟೇ ಆಯ್ಕೆಗಳು. ಅಂಥ ಕಡೆ 14 ಅಂಗುಲ ನಳಿಗೆಯ, ದೂರದರ್ಶಕ ಕೂರಿಸಿದ .44 ಮ್ಯಾಗ್ನಮ್ ಕಂಟೆಂಡರ್ ಕೈಯಲ್ಲಿದ್ದವನು ಷಾಟ್‌ಗನ್ನಿನವನ ಎದುರು ತಲೆಯೆತ್ತಿ ನಿಲ್ಲಬಹುದಿತ್ತು. 2014ರಲ್ಲಿ ಓಹಾಯೋ ನೇರಗೋಡೆಯ ತೋಟಾಗಳ ರೈಫಲ್‌ಗಳಿಗೆ ಅನುಮತಿ ನೀಡಿತು. ಸುತ್ತಲಿನ ಕೆಲವು ರಾಜ್ಯಗಳೂ ಆ ಹೊತ್ತಿಗೆ ಅದೇ ದಾರಿ ಹಿಡಿದವು. ಅದೇ ತೋಟಾವನ್ನು ಹೆಗಲಿಗೆ ಆನಿಸಿ ಹೊಡೆಯಬಹುದು ಎಂದಾದ ಮೇಲೆ ಕೈ ಚಾಚಿ ಹೊಡೆಯುವ ಕಷ್ಟವನ್ನು ಹವ್ಯಾಸಕ್ಕಾಗಿ ಮಾತ್ರ ಪಡಬೇಕು. 2019ರಲ್ಲಿ ವಿಂಚೆಸ್ಟರ್ ಕಂಪನಿ ಇಂಥ ಬೇಟೆಗಾರರಿಗೆಂದೇ .350 ಲೆಜೆಂಡ್ ಎಂಬ ತೋಟಾವನ್ನು ಹೊರತಂದಿತು, ಅಷ್ಟು ದೊಡ್ಡ ಮಾರುಕಟ್ಟೆ ಅದು.

ಎರಡನೆಯ ಪಾಲನ್ನು ರಿವಾಲ್ವರ್ ಒಯ್ದಿತು. ಹಿಂದೆ ದೊಡ್ಡ ಪ್ರಾಣಿಗೆ ಸಾಕಾಗುವಷ್ಟು ಶಕ್ತಿ ಕೈಕೋವಿಯಲ್ಲಿ ಬೇಕೆಂದರೆ ಒಂಟಿ ಈಡಿನದನ್ನೇ ನೆಚ್ಚಬೇಕಿತ್ತು. 2003ರಲ್ಲಿ .500 ಎಸ್ ಅಂಡ್ ಡಬ್ಲ್ಯು ಮ್ಯಾಗ್ನಮ್ ತೋಟಾ, 2005ರಲ್ಲಿ .460 ತೋಟಾ ಬಂದಾಗ ಅದೇ ಮಟ್ಟದ ಹೊಡೆತ ಐದು ಕೋಣೆಗಳ ರಿವಾಲ್ವರಿನಲ್ಲೇ ಸಿಕ್ಕಿತು.

ಮೂರನೆಯದು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುತ್ತದೆ. ರೆಮಿಂಗ್ಟನ್ 1963ರಲ್ಲಿ ಎಕ್ಸ್‌ಪಿ‑100 ಎಂಬ ಒಂಟಿ ಈಡಿನ ಬೋಲ್ಟ್ ಪಿಸ್ತೂಲನ್ನು ತಂದಾಗ ಅದಕ್ಕೆಂದೇ .221 ಫೈರ್‌ಬಾಲ್ ಎಂಬ ಗಿಡ್ಡ ತೋಟಾವನ್ನು ರೂಪಿಸಿತು. ಓಹಾಯೋದವರೇ ಆದ ಎಸ್‌ಎಸ್‌ಕೆ ಇಂಡಸ್ಟ್ರೀಸ್‌ನ ಜೆ. ಡಿ. ಜೋನ್ಸ್ ಮುಂದೆ ಆ ತೋಟಾದ ಕತ್ತನ್ನು .30ಕ್ಕೆ ಅಗಲಿಸಿ .300 ವಿಸ್ಪರ್ ಮಾಡಿದರು. ಕಂಟೆಂಡರ್‌ಗೆ ನಳಿಗೆಗಳನ್ನು ಮಾಡಿಕೊಡುತ್ತಲೇ ಹೆಸರಾದವರು ಅವರು. ಆ ವಿಸ್ಪರ್‌ನ ಕಲ್ಪನೆಯೇ ತುಸು ಬದಲಾಗಿ 2011ರಲ್ಲಿ .300 ಬ್ಲಾಕ್‌ಔಟ್ ಎಂಬ ಹೆಸರಿನಲ್ಲಿ ಕೈಗಾರಿಕಾ ಮಾನ್ಯತೆ ಪಡೆಯಿತು, ಮತ್ತು ಈಗ ಅದು ಇರುವುದು ಎಆರ್ ಎಂಬ, ಸೇನೆಯ ರೈಫಲನ್ನು ಹೋಲುವ ಮಾದರಿಯ ಗಿಡ್ಡ ಕೋವಿಗಳಲ್ಲಿ. ಒಂಟಿ ಈಡಿನ ಪಿಸ್ತೂಲಿನ ಮನೆಯಲ್ಲಿ ಹುಟ್ಟಿ ಬೆಳೆದ ತೋಟಾವೇ ಆ ಮನೆಯ ಗಿರಾಕಿಗಳನ್ನು ಬೇರೆ ಅಂಗಡಿಗೆ ಕರೆದೊಯ್ದಿತು. ಯುವಕನೊಬ್ಬನಿಗೆ ಗಿಡ್ಡನೆಯ, ನಿಖರವಾದ, ರೈಫಲ್ ಶಕ್ತಿಯ ಕೈಕೋವಿ ಬೇಕೆನಿಸಿದರೆ ಇಂದು ಅವನು ಕಂಟೆಂಡರ್ ಹೆಸರನ್ನೇ ಕೇಳಿರುವುದಿಲ್ಲ, ಎಆರ್ ಪಿಸ್ತೂಲನ್ನು ಕೊಳ್ಳುತ್ತಾನೆ.

ಕಾನೂನಿನ ಮಾತೂ ಇದರೊಳಗೇ ಬರುತ್ತದೆ. 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲ್ ಇಟ್ಟುಕೊಳ್ಳಲು ಒಕ್ಕೂಟ ಸರ್ಕಾರದಲ್ಲಿ ನೋಂದಣಿ ಮಾಡಿಸಿ 200 ಡಾಲರ್ ತೆರಿಗೆ ಕಟ್ಟಬೇಕಿತ್ತು. ಪಿಸ್ತೂಲಿಗೆ ಆ ಕಾಟವಿರಲಿಲ್ಲ. ಬ್ರೇಸ್ ಎಂಬ ಮುಂಗೈ ಆಸರೆ ಬಂದ ಮೇಲೆ ಎಆರ್ ಪಿಸ್ತೂಲುಗಳೂ ಆ ಅನುಕೂಲವನ್ನು ಪಡೆದವು. 2023ರಲ್ಲಿ ಆಯುಧಗಳ ಮೇಲೆ ನಿಗಾ ಇಡುವ ಒಕ್ಕೂಟ ಸರ್ಕಾರದ ಇಲಾಖೆಯಾದ ಎಟಿಎಫ್ ಅದಕ್ಕೆ ತಡೆಯೊಡ್ಡುವ ನಿಯಮ ತಂದಿತು, 2024ರಲ್ಲಿ ಟೆಕ್ಸಾಸ್‌ನ ಒಕ್ಕೂಟ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಇನ್ನು 2025ರ ಕಾಯ್ದೆಯಿಂದಾಗಿ 2026ರ ಜನವರಿ 1ರಿಂದ ಗಿಡ್ಡ ರೈಫಲ್‌ಗಳ ಆ 200 ಡಾಲರ್ ಸೊನ್ನೆಯಾಗಿದೆ, ನೋಂದಣಿ ಮಾತ್ರ ಉಳಿದಿದೆ. ರೈಫಲ್ ಆಗದಂತೆ ಪಿಸ್ತೂಲಾಗಿಯೇ ಉಳಿಯುವುದರಿಂದ ದೊರೆಯುತ್ತಿದ್ದ ಲಾಭ ಇನ್ನಷ್ಟು ತೆಳುವಾಗಿದೆ.

ಬೆಂಗಳೂರು ಹತ್ತುಮೀಟರ್:

ನಾನು ಏರ್ ಪಿಸ್ತೂಲಿನವನು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಪಿಸ್ತೂಲಿನ ಮಾತೇ ಇಲ್ಲದಿರುವುದರಿಂದ ಇಲ್ಲಿ ಹೇಳುವ ಅಧಿಕಾರ ನನಗೆ ಕಡಿಮೆ. ಆದರೂ ಒಂದು ಹೋಲಿಕೆಯನ್ನು ಮುಂದಿಡುತ್ತೇನೆ. ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲ್ ಸ್ಪರ್ಧೆಯೂ .22 ತೋಟಾವನ್ನು ಒಂದೊಂದಾಗಿ ತುಂಬಿ ಹಾರಿಸುವ ಆಟವೇ. ಕೊರಿಯಾದ ಜಿನ್ ಜಾಂಗ್‑ಓ 2008, 2012, 2016ರಲ್ಲಿ ಸತತ ಮೂರು ಬಾರಿ ಅದರಲ್ಲಿ ಚಿನ್ನ ಗೆದ್ದರು. ರಿಯೊದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರೂ ಜೀತು ರಾಯ್ ಅವರೂ ಅದೇ ಸಾಲಿನಲ್ಲಿ ನಿಂತಿದ್ದರು. ರಿಯೊದ ನಂತರ ಅದನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ಅಂದಿನಿಂದ ಹೊಸ ಹುಡುಗರು ಆ ಪಿಸ್ತೂಲನ್ನು ಕೊಳ್ಳುವ ಮೊದಲು ಎರಡು ಬಾರಿ ಯೋಚಿಸುತ್ತಾರೆ. ಬೆರಳಿನ ಅಚ್ಚಿಗೆ ಕೆತ್ತಿಸಿದ ಹಿಡಿಯುಳ್ಳ ಆ ದುಬಾರಿ ವಸ್ತುವಿನಿಂದ ಬೇರೇನನ್ನೂ ಮಾಡಲಾಗದು. ಆದ್ದರಿಂದ ಸ್ಪರ್ಧೆ ಹೋದರೆ ಆಯುಧವೂ ಹೋಗುತ್ತದೆ ಎಂಬ ಟಗರು ಅವರ ವಾದಕ್ಕೆ ನನ್ನ ಅನುಭವ ಒಂದು ಸಾಕ್ಷಿ.

ಮಿಶಿಗನ್ ಮರಸು:

ಮೇಲಿನ ಹಿರಿಯರಿಬ್ಬರೂ ಕೊಳ್ಳುವವರ ಕಡೆಯಿಂದ ಮಾತನಾಡಿದ್ದಾರೆ. ಮಾಡುವವರ ಕಡೆಯೂ ಒಂದು ಕಥೆಯಿದೆ, ಮತ್ತು ಕೊಳ್ಳಲು ಹೊರಟಿರುವ ನಿಮಗೆ ಅದು ಹೆಚ್ಚು ಬೇಕಾದದ್ದು.

ವಾರೆನ್ ಸೆಂಟರ್ ಎಂಬ ಕುಶಲಕರ್ಮಿ ಈ ವಿನ್ಯಾಸವನ್ನು ಹಿಡಿದು ಬಂದಾಗ, ನ್ಯೂ ಹ್ಯಾಂಪ್‌ಷೈರ್‌ನ ರಾಚೆಸ್ಟರ್‌ನಲ್ಲಿದ್ದ ಥಾಂಪ್ಸನ್‌ರ ಕಂಪನಿಗೆ ತನ್ನ ಯಂತ್ರಗಳಿಗೆ ವರ್ಷವಿಡೀ ಕೆಲಸ ಬೇಕಿತ್ತು. 1967ರಲ್ಲಿ ಕಂಟೆಂಡರ್ ಹೊರಬಂತು. ಅದರ ಜಾಣ್ಮೆ ಇರುವುದು ನಳಿಗೆ ಬದಲಿಸುವಲ್ಲಿ. ಮುಂದಿನ ಮರದ ತುಂಡನ್ನು ಕಳಚಿ, ಒಂದು ಕೀಲನ್ನು ತಳ್ಳಿ ತೆಗೆದರೆ ನಳಿಗೆ ಕೈಗೆ ಬರುತ್ತದೆ. ತೋಟಾಕ್ಕೆ ಪೆಟ್ಟು ಕೊಡುವ ಹ್ಯಾಮರ್ ಮೇಲಿನ ಆಯ್ಕೆಯ ಗುಂಡಿಯನ್ನು ತಿರುಗಿಸಿದರೆ .22ರಂತೆ ಅಂಚಿಗೆ ಬಡಿಯುವ ತೋಟಾಗಳಿಗೂ, ನಡುವೆ ಬಡಿಯುವ ತೋಟಾಗಳಿಗೂ ಅದೇ ಚೌಕಟ್ಟು ಸಾಕು. ಗುರಿಕಣ್ಣೋ ದೂರದರ್ಶಕವೋ ನಳಿಗೆಯ ಮೇಲೆಯೇ ಇರುವುದರಿಂದ ಬದಲಿಸಿದಾಗಲೆಲ್ಲ ಗುರಿ ಹೊಂದಿಸುವ ಗೋಜಿಲ್ಲ. ಕಾನೂನಿನ ಕಣ್ಣಿಗೆ ಆಯುಧವೆಂದರೆ ಚೌಕಟ್ಟು ಮಾತ್ರ, ನಳಿಗೆಯನ್ನು ಅಂಚೆಯಲ್ಲೇ ತರಿಸಬಹುದು. ಒಂದು ಚೌಕಟ್ಟನ್ನು ಕೊಂಡವನು ಹತ್ತು ವರ್ಷ ನಳಿಗೆಗಳನ್ನು ಕೊಳ್ಳುತ್ತಲೇ ಇರುತ್ತಿದ್ದ. ಆ ವ್ಯಾಪಾರ ನಿಂತಿದ್ದುದೇ ಇದರ ಮೇಲೆ.

ಸ್ಮಿತ್ ಅಂಡ್ ವೆಸನ್ 2007ರ ಆರಂಭದಲ್ಲಿ ಈ ಕಂಪನಿಯನ್ನು ತನ್ನದಾಗಿಸಿಕೊಂಡು, ಕೆಲವು ವರ್ಷಗಳಲ್ಲಿ ರಾಚೆಸ್ಟರ್‌ನ ಕೆಲಸವನ್ನು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಸಾಗಿಸಿತು. 2021ರಲ್ಲಿ ಈ ಹೆಸರನ್ನೇ ಮಾರುವುದಾಗಿ ಪ್ರಕಟಿಸಿತು. 2024ರಲ್ಲಿ ಹಿಂದೆ ಕಂಪನಿಯನ್ನು ನಡೆಸಿದ್ದ ಗ್ರೆಗ್ ರಿಟ್ಜ್ ಅದನ್ನು ಮರಳಿ ಕೊಂಡರು. ನಡುವಿನ ಆ ವರ್ಷಗಳಲ್ಲಿ ಹೊಸ ನಳಿಗೆ ಬೇಕೆಂದರೆ ಚಿಕ್ಕ ಕಾರ್ಯಾಗಾರಗಳಿಗೆ ಮೊರೆ ಹೋಗಬೇಕಾಯಿತು. ನಾನು ಒಂದು ಕಡೆ .357 ಮ್ಯಾಗ್ನಮ್ ನಳಿಗೆಗೆ ಮುಂಗಡ ಕಟ್ಟಿ ಹನ್ನೊಂದು ತಿಂಗಳು ಕಾದೆ. ಬಂದದ್ದನ್ನು ಕೂರಿಸಿದರೆ ಚೌಕಟ್ಟಿನ ಚಿಲಕ ಸರಿಯಾಗಿ ಕಚ್ಚಿಕೊಳ್ಳಲಿಲ್ಲ, ಹಿಂತಿರುಗಿಸಿ ಮತ್ತೆ ನಾಲ್ಕು ತಿಂಗಳು ಕಾದೆ. ಇಪ್ಪತ್ತೈದರ ಹುಡುಗನಿಗೆ ಈ ಸಹನೆಯನ್ನು ಹೇಗೆ ಕಲಿಸುವುದು? ಬೇಟೆಗಾರನ ಆಸಕ್ತಿ ಕುಂದಿತು ಎನ್ನುವ ಮೊದಲು, ಆಸಕ್ತಿಯಿಂದ ಬಂದವನಿಗೆ ಅಂಗಡಿಯಲ್ಲಿ ತೋರಿಸಲು ಏನೂ ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ನಿಮ್ಮ ಕೊಳ್ಳುವಿಕೆಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಆ ಚೌಕಟ್ಟು ಕಾರ್ಖಾನೆಯಿಂದ ಪಿಸ್ತೂಲಾಗಿ ಹೊರಟದ್ದೋ ಕಾರ್ಬೈನ್ (ಹಗುರ ರೈಫಲ್) ಆಗಿ ಹೊರಟದ್ದೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪಿಸ್ತೂಲಾಗಿ ಹುಟ್ಟಿದ್ದನ್ನು ರೈಫಲ್ ಮಾಡಿ ಮತ್ತೆ ಪಿಸ್ತೂಲು ಮಾಡಬಹುದು, ರೈಫಲ್ ಆಗಿ ಹುಟ್ಟಿದ್ದಕ್ಕೆ 10 ಅಂಗುಲದ ನಳಿಗೆ ಸಿಕ್ಕಿಸಿದರೆ ನೋಂದಣಿಯಿಲ್ಲದ ಆಯುಧ ಮಾಡಿದಂತಾಗುತ್ತದೆ. ಇದೇ ಕಂಪನಿಯ ಮೊಕದ್ದಮೆಯೊಂದು 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪಿಸ್ತೂಲಿನ ಜೊತೆಗೆ ಹೆಗಲ ಹಿಡಿಯನ್ನೂ 21 ಅಂಗುಲದ ನಳಿಗೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾರಿದರೆ, ಗಿರಾಕಿ ಗಿಡ್ಡ ನಳಿಗೆಗೇ ಆ ಹಿಡಿಯನ್ನು ಜೋಡಿಸಬಹುದೆಂಬ ಒಂದೇ ಕಾರಣಕ್ಕೆ ತೆರಿಗೆ ಬೀಳುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. ತೀರ್ಪು ಕಂಪನಿಯ ಪರವಾಗಿ ಬಂತು, ಆದರೆ ಗಿಡ್ಡ ನಳಿಗೆಗೆ ಹೆಗಲ ಹಿಡಿಯನ್ನು ನಿಜವಾಗಿ ಜೋಡಿಸಿದರೆ ಆ ರಕ್ಷಣೆ ಇಲ್ಲ.

ಎರಡನೆಯದಾಗಿ, ಹಳೆಯ ಮಾದರಿಯಲ್ಲಿ ಒಮ್ಮೆ ಎಳೆದ ಹ್ಯಾಮರನ್ನು ಮೆಲ್ಲಗೆ ಇಳಿಸಿದರೆ, ಮತ್ತೆ ಎಳೆಯುವ ಮೊದಲು ಕೋವಿಯನ್ನು ಮುರಿದು ತೆರೆದು ಮುಚ್ಚಬೇಕು. ಮುಂದೆ ಬಂದ ಜಿ2 ಮಾದರಿಯಲ್ಲಿ ಈ ತೊಡಕಿಲ್ಲ. ಮರಸಿನಲ್ಲಿ ಕೂತಾಗ ಜಿಂಕೆ ಬಂದು, ಹೋಗಿ, ಮತ್ತೆ ಬಂದರೆ ಆ ಕಟಕ್ ಸದ್ದು ಏನು ಮಾಡುತ್ತದೆಂದು ನಾನು ಒಂದು ನವೆಂಬರ್ ಬೆಳಗ್ಗೆ ಕಲಿತೆ. ಎಂಟು ಕವಲಿನ ಗಂಡು ಜಿಂಕೆ, ಮೂವತ್ತು ಗಜ. ಇನ್ನು ಹೇಳುವುದಿಲ್ಲ. ನಿಮ್ಮ ಅಂಗಡಿಯ ಹುಡುಗನಿಗೆ ತೆರೆಯಲು ಬಾರದಿದ್ದುದಕ್ಕೆ ಬೇಸರಿಸಬೇಡಿ, ಟ್ರಿಗರ್ ಕಾಪಿನ ಹಿಂಬಾಲವನ್ನು ಅಂಗೈಯಿಂದ ಗಟ್ಟಿಯಾಗಿ ಹಿಂದಕ್ಕೆಳೆಯಬೇಕು, ಹಳೆಯವು ಕೆಲವು ಬಲು ಬಿಗಿ.

ಕೊನೆಯದು, ಆ ನೆರೆಯವರು ಸ್ವತಃ ತುಂಬಿಟ್ಟ ತೋಟಾಗಳೇನಾದರೂ ಪೆಟ್ಟಿಗೆಯಲ್ಲಿದ್ದರೆ, ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಹಾರಿಸಬೇಡಿ. ತುಂಬಿದವರು ಇಲ್ಲ, ಒಳಗಿನ ಮದ್ದಿನ ಲೆಕ್ಕ ಹೇಳುವವರೂ ಇಲ್ಲ. ಜಿಂಕೆಗೆ .44 ನಳಿಗೆ ಸಾಕು. 7 ಎಂಎಂ ಟಿಸಿಯು ಕತ್ತು ಕಿರಿದಾದ ತೋಟಾ, ಓಹಾಯೋದ ಜಿಂಕೆ ನಿಯಮಕ್ಕೆ ಹೊಂದುವುದಿಲ್ಲ.

ಇದನ್ನು ಓದುತ್ತಿರುವ ಎಚ್‑1ಬಿ ವೀಸಾದವರಿಗೂ ಒಂದು ಮಾತು: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದೆ ಕೋವಿಯನ್ನು ಮುಟ್ಟುವುದೂ ಒಕ್ಕೂಟ ಕಾನೂನಿನ ಪ್ರಕಾರ ಅಪರಾಧವಾಗಬಹುದು.

ಕಾಫಿತೋಟ‑ಓಹಾಯೋ:

ಎಲ್ಲರಿಗೂ ಕೃತಜ್ಞತೆಗಳು. ನನಗೆ ಗ್ರೀನ್ ಕಾರ್ಡ್ ಇದೆ, ಬೇಟೆ ಪರವಾನಗಿಯೂ ಇದೆ, ಆದ್ದರಿಂದ ಆ ತೊಡಕಿಲ್ಲ.

ಮರಸು ಅವರ ಮಾತಿನಂತೆ ಕಾಗದಗಳನ್ನು ಹುಡುಕಿದೆವು. ಆ ತಾಯಿ 1983ರ ಖರೀದಿ ಚೀಟಿಯನ್ನೇ ಹಳೆಯ ತೆರಿಗೆ ಕಡತದಿಂದ ತೆಗೆದುಕೊಟ್ಟರು. ಅದರಲ್ಲಿ ಪಿಸ್ತೂಲು, 10 ಅಂಗುಲ, 7 ಎಂಎಂ ಟಿಸಿಯು ಎಂದು ಸ್ಪಷ್ಟವಾಗಿ ಬರೆದಿದೆ. ಮಿಕ್ಕೆರಡು ನಳಿಗೆಗಳು ಆಮೇಲೆ ಬಂದವು. ಟಗರು ಅವರೇ, ನೀವು ಊಹಿಸಿದ್ದು ನಿಜ, ಅಟ್ಟದ ಮೇಲೆ ಮೀನಖಂಡಕ್ಕೆ ಕಟ್ಟುವ ತೊಗಲಿನ ತುಂಡು ಕೂಡ ಸಿಕ್ಕಿತು. ಅದು ಎಮ್ಮೆಗೊರಸಿನ ಬಣ್ಣಕ್ಕೆ ತಿರುಗಿದೆ, ಒಂದು ಅಂಚು ಸುಟ್ಟು ಕರಕಲಾಗಿದೆ. ಇದು ಏನಕ್ಕೆಂದು ಕೇಳಿದ ಅವರಿಗೆ ನಿಮ್ಮ ವಿವರಣೆಯನ್ನು ಅನುವಾದಿಸಿ ಹೇಳಿದೆ. ಬೆನ್ನ ಮೇಲೆ ಮಲಗುವ ಭಾಗಕ್ಕೆ ಬಂದಾಗ ಅವರು ನಕ್ಕು, ಪ್ರತಿ ಸೋಮವಾರ ಪತಿಯ ಅಂಗಿಯ ಬೆನ್ನಿಗೆ ಹುಲ್ಲಿನ ಕಲೆ ಏಕಿರುತ್ತಿತ್ತೆಂದು ಈಗ ಗೊತ್ತಾಯಿತು ಎಂದರು.

ಕಾಗದಪತ್ರಗಳನ್ನು ಅಂಗಡಿಯಲ್ಲಿಯೇ ಮುಗಿಸಿ, .22 ನಳಿಗೆ ಹಾಕಿ ಐವತ್ತು ತೋಟಾ ಹಾರಿಸಿದೆ. ಪಕ್ಕದ ಸಾಲಿನ ಹುಡುಗರು ಅಷ್ಟು ಹೊತ್ತಿಗೆ ಮುನ್ನೂರು ಮುಗಿಸಿದ್ದರು. ಅವರಲ್ಲಿ ಒಬ್ಬ ಬಂದು ನೋಡಿ, ಇದಕ್ಕೆ ಮ್ಯಾಗಜೀನ್ ಎಲ್ಲಿ ಸಿಕ್ಕಿಸುತ್ತೀರಿ ಎಂದು ವಿನಯದಿಂದಲೇ ಕೇಳಿದ. ಒಂದನ್ನು ತುಂಬಿ ಅವನ ಕೈಗೆ ಕೊಟ್ಟೆ. ಹೊಡೆದು, ತೆರೆದು, ಖಾಲಿ ತೋಟಾವನ್ನು ಉಗುರಿನಿಂದ ಕಿತ್ತು ತೆಗೆದು, ಇನ್ನೊಂದನ್ನು ಕೇಳಿದ. ಐದಾದ ಮೇಲೆ ಚೆನ್ನಾಗಿದೆ, ಆದರೆ ನಿಧಾನ ಎಂದು ಹೇಳಿ ತನ್ನ ಸಾಲಿಗೆ ಮರಳಿದ. ಸಾದಾಸೀದಾ ಅವರ ಪಾಲುಪಟ್ಟಿಯೂ ಟಗರು ಅವರ ಅಸಲು ಬಡ್ಡಿಯೂ ಸರಿಯಿರಬಹುದು. ಆದರೆ ಆ ಹುಡುಗನ ಮುಖ ನೋಡಿದ ಮೇಲೆ, ಅವನಿಗೆ ಕಾಯುವುದು ಆಟದ ಭಾಗವಾಗಿ ಕಾಣಲೇ ಇಲ್ಲ ಎಂದು ನನಗೆ ಅನ್ನಿಸಿತು.

ಒಂದು ಪ್ರಶ್ನೆ ಉಳಿದಿದೆ. ಇಲ್ಲಿಂದ ಎರಡು ಗಂಟೆ ದಾರಿಯ ಒಂದು ಕ್ಲಬ್‌ನಲ್ಲಿ ಇಂದಿಗೂ ತಿಂಗಳಿಗೊಮ್ಮೆ ದೊಡ್ಡ ಆಕೃತಿಗಳ ಆಟ ನಡೆಯುತ್ತದೆಯಂತೆ. 7 ಎಂಎಂ ಟಿಸಿಯು ತೋಟಾವನ್ನು ಅಂಗಡಿಯಲ್ಲಿ ಕೇಳಿದರೆ ತಲೆಯಾಡಿಸುತ್ತಾರೆ. ಮನೆಯಲ್ಲೇ ತುಂಬುವುದನ್ನು ಕಲಿಯಲು ಎಲ್ಲಿಂದ ಆರಂಭಿಸಲಿ?

ಉಕ್ಕಿನ ಟಗರು:

ಕ್ಲಬ್‌ನ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ನಾಲ್ಕು ಬಾರಿ ನೋಡುವುದರಿಂದ ಆರಂಭಿಸಿ, ಅವರಿಗೆ ಕಲಿಸಲು ಯಾರಾದರೂ ಸಿಕ್ಕಿದರೆ ಸಾಕಾಗಿರುತ್ತದೆ. ಮುದ್ರಿತ ಕೈಪಿಡಿಯಲ್ಲಿರುವ ಅತಿ ಕಡಿಮೆ ಅಳತೆಯಿಂದ ಮೇಲೇರಿ, ಯಾರದೋ ನೆನಪಿನ ಅಳತೆಯನ್ನು ನಂಬಬೇಡಿ, ನನ್ನದನ್ನೂ ಸಹ. ನನ್ನ ಗ್ಯಾರೇಜಿನಲ್ಲಿ ತೋಟಾ ತುಂಬಲು ಬೇಕಾದ ಟಿಸಿಯು ಡೈಗಳ (ಅಚ್ಚುಗಳ) ಜೊತೆಯೊಂದು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟದ್ದಿದೆ. 2009ರಿಂದ ಬಿಚ್ಚಿಲ್ಲ. ವಿಳಾಸವನ್ನು ಖಾಸಗಿಯಾಗಿ ಕಳುಹಿಸಿ, ಅಂಚೆಗೆ ಹಾಕುತ್ತೇನೆ, ಹಣದ ಮಾತು ಬೇಡ. ಅಂಟುಪಟ್ಟಿಯ ಸಂಖ್ಯೆಗಳು ಅವರ ಮದ್ದಿಗೆ, ಅವರ ಕಣ್ಣಿಗೆ ಹೊಂದಿದ್ದವು. ನಿಮಗೆ ಟಗರಿನ ಸಂಖ್ಯೆ ಎರಡು ಮೂರು ಕ್ಲಿಕ್ ಆಚೀಚೆ ಆಗುತ್ತದೆ. ನಿಮ್ಮದನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ, ಪಟ್ಟಿಯಲ್ಲಿ ಜಾಗವಿರಬೇಕು.